ರ‍್ಯಾಮ್ ಕೈಕೊಟ್ಟರೆ ಏನು ಮಾಡಬೇಕು? ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನ ಮೆಮೊರಿ ದೋಷ ಪತ್ತೆ ಮಾಡುವ ಕ್ರಮ

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ ಪವರ್‌ಲೂಮ್‌ಗಳ ಪಟ್ಟಣ. 1904ರಲ್ಲಿ ವಿಠ್ಠಲರಾವ್ ದಾತಾರ್ ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಅದಕ್ಕೆ ತಾಗಿಕೊಂಡಿರುವ ಕೊರೋಚಿಯೂ ಇದೇ ಮಗ್ಗದ ಸೀಮೆಗೆ ಸೇರಿದ ಊರು. ಬೆಳಗಾವಿ ಜಿಲ್ಲೆಯ ಗಡಿ ಹತ್ತಿರವಾದ್ದರಿಂದ ಇಲ್ಲಿ ಮರಾಠಿಯ ಜೊತೆಗೆ ಕನ್ನಡವೂ ಕೇಳಿಬರ್ತದೆ. ಸಾದಾ ಪವರ್‌ಲೂಮಿನಲ್ಲಿ ಹಾಸಿನ ಒಂದು ಎಳೆ ತುಂಡಾದರೆ ಮಗ್ಗ ತಾನಾಗಿ ನಿಲ್ಲುವುದಿಲ್ಲ. ಕೆಲಸಗಾರನ ಕಣ್ಣಿಗೆ ಬೀಳುವ ತನಕ ಬಟ್ಟೆ ನೇಯುತ್ತಲೇ ಇರ್ತದೆ, ದೋಷವೂ ಬಟ್ಟೆಯ ಉದ್ದಕ್ಕೆ ಬೆಳೀತದೆ. ಎಳೆ ಕಡಿದ ಕೂಡಲೇ ನಿಲ್ಲುವ ವ್ಯವಸ್ಥೆ ಇರುವುದು ಸುಧಾರಿತ ಮಗ್ಗಗಳಲ್ಲಿ ಮಾತ್ರ.

ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ರ‍್ಯಾಮ್ ಕೂಡ ಈ ಸಾದಾ ಮಗ್ಗದ ಹಾಗೆಯೇ. ಒಳಗೆ ಎಲ್ಲೋ ಒಂದು ಬಿಟ್ ತಪ್ಪಾದರೆ ಕಂಪ್ಯೂಟರ್ ಅದನ್ನು ಹೇಳುವುದಿಲ್ಲ. ಕೆಲವೊಮ್ಮೆ ನೀಲಿ ಪರದೆ ಬಂದು ನಿಲ್ತದೆ. ಹಲವು ಸಲ ನಿಲ್ಲದೆಯೇ ತಪ್ಪು ಲೆಕ್ಕವನ್ನು, ಹಾಳಾದ ಫೋಟೋವನ್ನು ಹಾರ್ಡ್ ಡಿಸ್ಕಿಗೆ ಬರೆದುಬಿಡ್ತದೆ. ಅಂಗಡಿಯ ಲೆಕ್ಕ, ಕಾಲೇಜಿನ ಪ್ರಾಜೆಕ್ಟ್, ಮದುವೆಯ ವಿಡಿಯೋ ಎಲ್ಲವೂ ಇರುವ ಯಂತ್ರದಲ್ಲಿ ಇದು ಸಣ್ಣ ವಿಷಯ ಅಲ್ಲ. ಆದರೆ ರ‍್ಯಾಮ್ ದೋಷವನ್ನು ಮನೆಯಲ್ಲೇ ಪತ್ತೆ ಮಾಡಬಹುದು. ದುಬಾರಿ ಉಪಕರಣ ಏನೂ ಬೇಡ. ತಾಳ್ಮೆ, ಒಂದು ಪೆನ್‌ಡ್ರೈವ್, ಒಂದು ನೋಟ್‌ಬುಕ್ ಇದ್ದರೆ ಸಾಕು.

ರ‍್ಯಾಮ್ ಕೆಲಸ ಮಾಡುವ ಬಗೆ

ಇಂದಿನ ಕಂಪ್ಯೂಟರಿನ ರ‍್ಯಾಮ್‌ಗೆ ಡಿರ‍್ಯಾಮ್ ಎಂಬ ಹೆಸರು. ಐಬಿಎಂ ಕಂಪೆನಿಯಲ್ಲಿದ್ದ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಇದರ ಮೂಲ ಕಲ್ಪನೆ ಕೊಟ್ಟರು, 1968ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಬಿಟ್ ಮಾಹಿತಿಗೆ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಸಣ್ಣ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ ಅಂತ ಲೆಕ್ಕ. ಈ ಕೆಪಾಸಿಟರ್ ತೂತು ಬಿದ್ದ ಕೊಡದ ಹಾಗೆ ಸೋರುತ್ತಲೇ ಇರ್ತದೆ. ಆದ್ದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೆ ಒಮ್ಮೆ ಎಲ್ಲ ಕೋಶಗಳನ್ನೂ ಮತ್ತೆ ತುಂಬಿಸಬೇಕಾಗ್ತದೆ. ಕರೆಂಟ್ ಹೋದ ಕೂಡಲೇ ರ‍್ಯಾಮ್‌ನಲ್ಲಿದ್ದದ್ದು ಅಳಿದು ಹೋಗುವುದು ಇದೇ ಕಾರಣಕ್ಕೆ.

16 ಜಿಬಿಯ ಒಂದು ಸ್ಟಿಕ್‌ನಲ್ಲಿ ಇಂಥ ಕೋಶಗಳು ಹದಿಮೂರು ಸಾವಿರ ಕೋಟಿಗೂ ಹೆಚ್ಚು. ಅದರಲ್ಲಿ ಒಂದು ದುರ್ಬಲವಾದರೂ ದೋಷ ಕಾಣಿಸಿಕೊಳ್ಳಬಹುದು. ಆ ಕೋಶಕ್ಕೆ ಮಾಹಿತಿ ಬಿದ್ದಾಗ ಮಾತ್ರ ತೊಂದರೆ, ಬೀಳದಿದ್ದರೆ ಎಲ್ಲವೂ ಸರಿ. ಹಾಗಾಗಿಯೇ ರ‍್ಯಾಮ್ ದೋಷ ಇಂದು ಬಂದು ನಾಳೆ ಮಾಯವಾಗಿ, ನಾಡಿದ್ದು ಮತ್ತೆ ಬರ್ತದೆ.

ಲಕ್ಷಣಗಳು ಯಾವುವು?

ಈ ಕೆಳಗಿನವುಗಳಲ್ಲಿ ಒಂದಕ್ಕಿಂತ ಹೆಚ್ಚು ಕಂಡರೆ ರ‍್ಯಾಮ್ ಮೇಲೆ ಸಂಶಯ ಪಡಬೇಕು:

- ಪವರ್ ಬಟನ್ ಒತ್ತಿದರೆ ಫ್ಯಾನ್ ತಿರುಗ್ತದೆ, ಪರದೆ ಮಾತ್ರ ಕಪ್ಪು.
- ಮದರ್‌ಬೋರ್ಡಿನಲ್ಲಿ ಡಿರ‍್ಯಾಮ್ ಎಂದು ಬರೆದ ಸಣ್ಣ ದೀಪ ಆರದೆ ಉರಿಯುತ್ತಲೇ ಇರ್ತದೆ, ಅಥವಾ ಬೀಪ್ ಬೀಪ್ ಶಬ್ದ ಬರ್ತದೆ. ಬೀಪ್ ಲೆಕ್ಕದ ಅರ್ಥ ಬೋರ್ಡಿನಿಂದ ಬೋರ್ಡಿಗೆ ಬೇರೆ, ಅದಕ್ಕೆ ಬೋರ್ಡಿನ ಕೈಪಿಡಿ ನೋಡಬೇಕು.
- ವಿಂಡೋಸ್‌ನ ನೀಲಿ ಪರದೆಯಲ್ಲಿ ‘ಮೆಮೊರಿ ಮ್ಯಾನೇಜ್‌ಮೆಂಟ್’, ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂಬ ಹೆಸರುಗಳು, ಪ್ರತಿ ಸಲ ಬೇರೆ ಬೇರೆ.
- ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ‘ಸಿಆರ್‌ಸಿ ಎರರ್’ ಬರ್ತದೆ. ಅದೇ ಫೈಲನ್ನು ಮತ್ತೊಮ್ಮೆ ಬಿಚ್ಚಿದರೆ ಸರಿ ಆಗ್ತದೆ.
- ವಿಂಡೋಸ್ ಇನ್‌ಸ್ಟಾಲ್ ಅರ್ಧದಲ್ಲಿ ನಿಲ್ತದೆ. ಬ್ರೌಸರ್, ಗೇಮ್‌ಗಳು ಕಾರಣವಿಲ್ಲದೆ ಮುಚ್ಚಿಕೊಳ್ತವೆ.

ಒಂದೇ ಪ್ರೋಗ್ರಾಂ ಮಾತ್ರ ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಅದು ಹೆಚ್ಚಾಗಿ ಆ ಪ್ರೋಗ್ರಾಮಿನ ಅಥವಾ ಡ್ರೈವರಿನ ದೋಷ. ಬೇರೆ ಬೇರೆ ಪ್ರೋಗ್ರಾಂಗಳು ಬೇರೆ ಬೇರೆ ಹೊತ್ತಿಗೆ ಬಿದ್ದರೆ ರ‍್ಯಾಮ್ ನೋಡುವುದೇ ಮೊದಲ ಕೆಲಸ.

ಎಲ್ಲಕ್ಕಿಂತ ಮೊದಲು ಫೈಲ್‌ಗಳು

ಸಂಶಯ ಬಂದ ಕೂಡಲೇ ಆ ಕಂಪ್ಯೂಟರಿನಲ್ಲಿ ಕೆಲಸ ನಿಲ್ಲಿಸಬೇಕು. ಮುಖ್ಯ ಫೈಲ್‌ಗಳನ್ನು ತೆರೆದು ಸೇವ್ ಮಾಡಬಾರದು. ಹಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಲೇಬಾರದು, ಯಾಕೆಂದರೆ ಹಳೆಯದೇ ಸರಿ ಇದ್ದು ಹೊಸದೇ ಹಾಳಾಗಿರುವ ಸಾಧ್ಯತೆ ಇದೆ. ಬ್ಯಾಕಪ್ ಇಲ್ಲದಿದ್ದರೆ ಹಾರ್ಡ್ ಡಿಸ್ಕನ್ನು ಬಿಚ್ಚಿ ಸರಿ ಇರುವ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ಕಾಪಿ ಮಾಡುವುದು ಕ್ಷೇಮ.

ಇನ್ನೊಂದು ಮುಂಜಾಗ್ರತೆ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ, ಬಯೋಸ್ ಸೆಟ್ಟಿಂಗ್ ಬದಲಿಸಿದ ಮೇಲೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಕೀ ಎಲ್ಲಿದೆ ಅಂತ ಮೊದಲೇ ನೋಡಿ ಬರೆದಿಟ್ಟುಕೊಳ್ಳಬೇಕು.

ಕಂಪ್ಯೂಟರ್ ಆನ್ ಆಗದಿದ್ದರೆ

ಹೊಸದಾಗಿ ಜೋಡಿಸಿದ ಪಿಸಿಯಲ್ಲಿ ಪರದೆ ಬರದಿದ್ದರೆ ಗಾಬರಿ ಬೇಡ. ಡಿಡಿಆರ್5 ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಬೋರ್ಡ್ ಆ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ತದೆ. ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ಕೆಲವು ಬೋರ್ಡ್‌ಗಳಲ್ಲಿ ಹಲವು ನಿಮಿಷ ಕಪ್ಪು ಪರದೆಯೇ ಇರ್ತದೆ. ಈ ಹೊತ್ತಿನಲ್ಲಿ ಸ್ವಿಚ್ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಹದಿನೈದು ನಿಮಿಷ ಕಾದು ನೋಡುವುದು ಒಳ್ಳೆಯದು.

ಆಮೇಲೂ ಬರದಿದ್ದರೆ ಎಸ್‌ಎಂಪಿಎಸ್ ಆಫ್ ಮಾಡಿ, ಪವರ್ ಕೇಬಲ್ ತೆಗೆದು, ಪವರ್ ಬಟನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಒಳಗೆ ಉಳಿದ ಕರೆಂಟ್ ಖಾಲಿ ಆಗ್ತದೆ. ಕ್ಯಾಬಿನೆಟಿನ ಬಣ್ಣ ಇಲ್ಲದ ಲೋಹದ ಭಾಗ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಂಡು ಕೆಲಸ ಶುರು ಮಾಡಬೇಕು.

ರ‍್ಯಾಮನ್ನು ಬಿಚ್ಚಿ ಮತ್ತೆ ಕೂರಿಸುವುದು ಮೊದಲ ಹೆಜ್ಜೆ. ಹೊಸ ಪಿಸಿಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಸ್ಟಿಕ್ ಪೂರ್ತಿ ಕೂರದೇ ಇರುವುದು. ಎರಡೂ ತುದಿಯನ್ನು ಸಮನಾಗಿ ಒತ್ತಿ, ಟಕ್ ಅಂತ ಶಬ್ದ ಬಂದು ಕ್ಲಿಪ್ ಮುಚ್ಚಿಕೊಳ್ಳಬೇಕು. ಕೆಲವು ಬೋರ್ಡ್‌ಗಳಲ್ಲಿ ಒಂದೇ ಬದಿಗೆ ಕ್ಲಿಪ್ ಇರ್ತದೆ, ಅಲ್ಲಿ ಇನ್ನೊಂದು ತುದಿ ಅರ್ಧ ಕೂತಿದ್ದರೂ ಗೊತ್ತಾಗುವುದಿಲ್ಲ.

ಸ್ಲಾಟ್ ಯಾವುದು ಎಂಬುದೂ ಮುಖ್ಯ. ನಾಲ್ಕು ಸ್ಲಾಟ್ ಇರುವ ಹೆಚ್ಚಿನ ಬೋರ್ಡ್‌ಗಳಲ್ಲಿ ಒಂದೇ ಸ್ಟಿಕ್ ಇದ್ದರೆ ಸಿಪಿಯು ಕಡೆಯಿಂದ ಎರಡನೆಯದಕ್ಕೆ, ಅಂದರೆ ಎ2 ಸ್ಲಾಟಿಗೆ ಹಾಕಬೇಕು. ಎರಡು ಇದ್ದರೆ ಎರಡನೆಯದು ಮತ್ತು ನಾಲ್ಕನೆಯದಕ್ಕೆ, ಅಂದರೆ ಎ2 ಮತ್ತು ಬಿ2. ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದೇ ಸರಿ.

ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಡಿಡಿಆರ್3ಕ್ಕೆ 240 ಪಿನ್, 1.5 ವೋಲ್ಟ್. ಡಿಡಿಆರ್4 ಮತ್ತು 5 ಎರಡಕ್ಕೂ 288 ಪಿನ್, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜೂ ಬೇರೆ: 1.2 ಮತ್ತು 1.1. ಕೂರದಿದ್ದರೆ ಬಲ ಹಾಕಬಾರದು.

ಇಷ್ಟರಲ್ಲೂ ಆಗದಿದ್ದರೆ ಬಯೋಸ್ ಸೆಟ್ಟಿಂಗ್ ಅಳಿಸಬೇಕು. ಬೋರ್ಡಿನ ‘ಕ್ಲಿಯರ್ ಸಿಮಾಸ್’ ಜಂಪರ್ ಬಳಸಬಹುದು, ಇಲ್ಲವೇ ಪವರ್ ಕೇಬಲ್ ತೆಗೆದು ನಾಣ್ಯದ ಆಕಾರದ ಸಿಆರ್2032 ಬ್ಯಾಟರಿಯನ್ನು ಐದು ಹತ್ತು ನಿಮಿಷ ಹೊರಗಿಟ್ಟು ಮತ್ತೆ ಹಾಕಬಹುದು.

ಆನ್ ಆಗಿ ನಡುವೆ ನಿಂತರೆ

ಯುವಕರು ಗೇಮಿಂಗ್‌ಗಾಗಿ ಪಿಸಿ ಕಟ್ಟಿಸಿದಾಗ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡುವುದು ವಾಡಿಕೆ. ಎಕ್ಸ್‌ಎಂಪಿ ಇಂಟೆಲ್ ಕಂಪೆನಿಯದ್ದು, ಎಕ್ಸ್‌ಪೋ ಎಎಂಡಿ 2022ರಲ್ಲಿ ತಂದದ್ದು. ಎರಡೂ ರ‍್ಯಾಮನ್ನು ಮಾನಕ ವೇಗಕ್ಕಿಂತ ಹೆಚ್ಚಿಗೆ ಓಡಿಸುವ ಸೆಟ್ಟಿಂಗ್‌ಗಳು. ಪೆಟ್ಟಿಗೆಯ ಮೇಲೆ 3600 ಅಂತ ಬರೆದಿದ್ದರೂ ಎಲ್ಲ ಸಿಪಿಯು, ಎಲ್ಲ ಬೋರ್ಡ್ ಆ ವೇಗವನ್ನು ತಾಳ್ತದೆ ಎಂದಲ್ಲ. ಹಾಗಾಗಿ ಮೊದಲು ಇದನ್ನು ಆಫ್ ಮಾಡಿ ಎರಡು ಮೂರು ದಿನ ನೋಡಬೇಕು. ತೊಂದರೆ ನಿಂತರೆ ಸ್ಟಿಕ್ ಕೆಟ್ಟಿಲ್ಲ, ವೇಗ ಹೆಚ್ಚಾಗಿದೆ ಅಂತ ಅರ್ಥ. ಒಂದು ಮೆಟ್ಟಿಲು ಕಡಿಮೆ ವೇಗ ಇಟ್ಟರೆ ಬಳಕೆಯಲ್ಲಿ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಾಲ್ಕು ಸ್ಟಿಕ್ ಹಾಕಿದಾಗಲೂ ಇದೇ ಕತೆ. ಎಎಂಡಿ ರೈಜೆನ್ 7000 ಸರಣಿಯಲ್ಲಿ ಎರಡು ಸ್ಟಿಕ್‌ಗೆ 5200, ನಾಲ್ಕು ಹಾಕಿದರೆ 3600 ಎಂದು ಕಂಪೆನಿಯೇ ಹೇಳಿದೆ. ಒಂದು ಕಿಟ್ ಇಂದು, ಇನ್ನೊಂದು ಕಿಟ್ ಎರಡು ವರ್ಷ ಬಿಟ್ಟು ತಂದು ಸೇರಿಸಿದಾಗ ಎರಡೂ ಒಳ್ಳೆಯವಾಗಿದ್ದರೂ ಒಟ್ಟಿಗೆ ಹೊಂದದೇ ಇರಬಹುದು.

ಪರೀಕ್ಷೆ ಮಾಡುವ ಪ್ರೋಗ್ರಾಂಗಳು

ವಿಂಡೋಸ್‌ನಲ್ಲೇ ‘ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್’ ಇದೆ. ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಸಿಗ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಪರೀಕ್ಷೆ ನಡೀತದೆ. ಇದು ದೋಷ ತೋರಿಸಿದರೆ ನಂಬಬಹುದು. ಆದರೆ ಇದು ಸರಿ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ, ಸಣ್ಣ ದೋಷಗಳು ಇದರ ಕಣ್ಣಿಗೆ ಬೀಳದೆ ಹೋಗಬಹುದು.

ಹೆಚ್ಚು ಗಟ್ಟಿಯಾದ ಪರೀಕ್ಷೆಗೆ ಎರಡು ಪ್ರೋಗ್ರಾಂಗಳಿವೆ. ಒಂದು ಮೆಮ್‌ಟೆಸ್ಟ್86. ಇದರ ಮೂಲ ಕ್ರಿಸ್ ಬ್ರೇಡಿ 1990ರ ದಶಕದಲ್ಲಿ ಬರೆದದ್ದು, ಈಗ ಪಾಸ್‌ಮಾರ್ಕ್ ಕಂಪೆನಿಯ ಕೈಯಲ್ಲಿದೆ. ಉಚಿತ ಆವೃತ್ತಿ ನಾಲ್ಕು ಸುತ್ತು ಪರೀಕ್ಷೆ ಮಾಡ್ತದೆ. ಇನ್ನೊಂದು ಮೆಮ್‌ಟೆಸ್ಟ್86 ಪ್ಲಸ್, ಪೂರ್ತಿ ಮುಕ್ತ ತಂತ್ರಾಂಶ. 2022ರಲ್ಲಿ ಬಂದ ಇದರ 6ನೇ ಆವೃತ್ತಿಯಿಂದ ಹೊಸ ಬೋರ್ಡ್‌ಗಳಲ್ಲೂ ಕೆಲಸ ಮಾಡ್ತದೆ. ಎರಡನ್ನೂ ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಬೇಕು. ಬೂಟ್ ಆಗದಿದ್ದರೆ ಬಯೋಸ್‌ನಲ್ಲಿ ‘ಸೆಕ್ಯೂರ್ ಬೂಟ್’ ತಾತ್ಕಾಲಿಕವಾಗಿ ಆಫ್ ಮಾಡಬೇಕಾಗಬಹುದು. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿದು ಹೋಗ್ತದೆ, ಆದ್ದರಿಂದ ಖಾಲಿಯದ್ದನ್ನೇ ಬಳಸಬೇಕು.

ಈ ಪರೀಕ್ಷೆಗೆ ಗಂಟೆಗಟ್ಟಲೆ ಹೊತ್ತು ಬೇಕು. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವುದು ಅನುಕೂಲ. ಫಲಿತಾಂಶದಲ್ಲಿ ರಿಯಾಯಿತಿ ಇಲ್ಲ. ಸಾವಿರ ದೋಷ ಬಂದರೂ ಒಂದೇ ಬಂದರೂ ಅದು ದೋಷವೇ. ‘ಒಂದೇ ಅಲ್ವಾ’ ಅಂತ ಬಿಟ್ಟುಬಿಡುವ ಹಾಗಿಲ್ಲ.

ಕೆಟ್ಟದ್ದು ಸ್ಟಿಕ್ಕೋ, ಸ್ಲಾಟೋ?

ದೋಷ ಬಂತು ಅಂದ ಕೂಡಲೇ ಹೊಸ ರ‍್ಯಾಮ್ ತರಲು ಓಡಬಾರದು. ಪರೀಕ್ಷೆ ಹೇಳುವುದು ಮೆಮೊರಿಯಿಂದ ಓದಿದ್ದು ತಪ್ಪಾಗಿದೆ ಎಂದು ಮಾತ್ರ. ತಪ್ಪು ಯಾರದ್ದು ಎಂದು ನಾವೇ ಹುಡುಕಬೇಕು. ಇದಕ್ಕೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಸ್ಟಿಕ್‌ಗಳಿಗೆ 1, 2 ಅಂತ ಚೀಟಿ ಅಂಟಿಸಿ, ಎಕ್ಸ್‌ಎಂಪಿ ಆಫ್ ಇಟ್ಟು, ಮೊದಲು 1ನ್ನು ಮಾತ್ರ ಎ2 ಸ್ಲಾಟಿಗೆ ಹಾಕಿ ಪರೀಕ್ಷಿಸಬೇಕು. ಆಮೇಲೆ ಅದೇ ಸ್ಲಾಟಿಗೆ 2. ನಂತರ ಎರಡನ್ನೂ ಒಂದೊಂದಾಗಿ ಬಿ2 ಸ್ಲಾಟಿನಲ್ಲಿ. ಪ್ರತಿ ಫಲಿತಾಂಶವನ್ನೂ ನೋಟ್‌ಬುಕ್‌ನಲ್ಲಿ ಬರೆಯಬೇಕು. ಕೊನೆಗೆ ಹೀಗೆ ಓದಬಹುದು:

- ಒಂದು ಸ್ಟಿಕ್ ಎಲ್ಲ ಸ್ಲಾಟಿನಲ್ಲೂ ದೋಷ ತೋರಿಸಿ, ಇನ್ನೊಂದು ಎಲ್ಲ ಕಡೆ ಸರಿ ಇದ್ದರೆ ಕೆಟ್ಟದ್ದು ಆ ಸ್ಟಿಕ್.
- ಎರಡು ಸ್ಟಿಕ್‌ಗಳೂ ಒಂದೇ ಸ್ಲಾಟಿನಲ್ಲಿ ಮಾತ್ರ ದೋಷ ತೋರಿಸಿದರೆ ಸ್ಲಾಟ್, ಬೋರ್ಡ್ ಅಥವಾ ಸಿಪಿಯು ಕಡೆ ನೋಡಬೇಕು.
- ಒಂದೊಂದಾಗಿ ಎರಡೂ ಸರಿ, ಒಟ್ಟಿಗೆ ಹಾಕಿದಾಗ ದೋಷ ಅಂದರೆ ಹೊಂದಾಣಿಕೆಯ ಅಥವಾ ವೇಗದ ಸಮಸ್ಯೆ.
- ಎಲ್ಲ ಸ್ಟಿಕ್ ಎಲ್ಲ ಸ್ಲಾಟಿನಲ್ಲೂ ದೋಷ ಅಂದರೆ ಎಲ್ಲ ರ‍್ಯಾಮ್ ಒಟ್ಟಿಗೆ ಕೆಟ್ಟಿರುವುದು ಅಪರೂಪ. ಬೋರ್ಡ್, ಸಿಪಿಯು, ಎಸ್‌ಎಂಪಿಎಸ್ ಅಥವಾ ಹಳೆಯ ಬಯೋಸ್ ಕಾರಣ ಇರಬಹುದು.

ಸಿಪಿಯು ಯಾಕೆ ಬಂತು ಅಂದರೆ, ರ‍್ಯಾಮನ್ನು ನಿಯಂತ್ರಿಸುವ ಮೆಮೊರಿ ಕಂಟ್ರೋಲರ್ ಈಗ ಸಿಪಿಯು ಒಳಗೇ ಇದೆ. ಸಾಕೆಟಿನ ಒಂದು ಪಿನ್ ಬಾಗಿದ್ದರೆ, ಕೂಲರನ್ನು ಒಂದು ಬದಿಗೆ ವಿಪರೀತ ಬಿಗಿ ಮಾಡಿದ್ದರೆ ಒಂದು ಚಾನೆಲ್‌ನ ರ‍್ಯಾಮ್ ಕಾಣದೇ ಹೋಗಬಹುದು. ಇಲ್ಲಿಂದ ಮುಂದೆ ಗೊತ್ತಿರುವ ಟೆಕ್ನೀಷಿಯನ್ ಹತ್ತಿರ ಹೋಗುವುದು ಒಳ್ಳೆಯದು. ನೋಟ್‌ಬುಕ್ ತೋರಿಸಿದರೆ ಅವರ ಕೆಲಸ ಅರ್ಧ ಮುಗಿದ ಹಾಗೆ, ಬೇಡದ ಭಾಗ ಬದಲಿಸುವ ಮಾತೂ ಬರುವುದಿಲ್ಲ.

ದೋಷದಂತೆ ಕಂಡರೂ ದೋಷವಲ್ಲದ್ದು

3200 ವೇಗದ ಡಿಡಿಆರ್4 ತಂದರೂ ವಿಂಡೋಸ್ 2133 ಅಥವಾ 2666 ತೋರಿಸಿದರೆ ಅಂಗಡಿಯವರು ಮೋಸ ಮಾಡಿದರು ಅಂತ ಅಲ್ಲ, ಎಕ್ಸ್‌ಎಂಪಿ ಆನ್ ಆಗಿಲ್ಲದಿರಬಹುದು. ಸಿಪಿಯು-ಝಡ್ ಪ್ರೋಗ್ರಾಂ 1600 ತೋರಿಸಿದರೂ ಸರಿಯೇ. ಡಿಡಿಆರ್ ರ‍್ಯಾಮ್ ಒಂದು ಗಡಿಯಾರ ಬಡಿತಕ್ಕೆ ಎರಡು ಸಲ ಮಾಹಿತಿ ಕಳಿಸ್ತದೆ, ಆದ್ದರಿಂದ 1600ರ ಎರಡು ಪಟ್ಟು 3200.

16 ಜಿಬಿ ಹಾಕಿದ್ದರಲ್ಲಿ ಸ್ವಲ್ಪ ಕಡಿಮೆ ತೋರಿಸಿದರೆ ಸಿಪಿಯು ಒಳಗಿನ ಗ್ರಾಫಿಕ್ಸ್ ಒಂದು ಪಾಲು ಇಟ್ಟುಕೊಂಡಿರ್ತದೆ. ಹಳೆಯ 32 ಬಿಟ್ ವಿಂಡೋಸ್ ಆದರೆ 4 ಜಿಬಿಗಿಂತ ಹೆಚ್ಚು ಬಳಸಲು ಬರುವುದೇ ಇಲ್ಲ. ಆದರೆ ಸರಿಯಾಗಿ ಅರ್ಧವೇ ಕಾಣುತ್ತಿಲ್ಲ ಅಂದರೆ ಒಂದು ಸ್ಟಿಕ್ ಕೂತಿಲ್ಲ, ಇಲ್ಲವೇ ಕೆಟ್ಟಿದೆ.

ಧೂಳು, ತೇವ, ಕರೆಂಟ್

ಕೊರೋಚಿ, ಇಚಲಕರಂಜಿಯಂಥ ಮಗ್ಗದ ಊರಲ್ಲಿ ಹತ್ತಿಯ ನಾರು ಗಾಳಿಯಲ್ಲಿ ತೇಲ್ತಾ ಇರ್ತದೆ. ಅದು ಫ್ಯಾನ್ ಮತ್ತು ಹೀಟ್‌ಸಿಂಕ್ ಮೇಲೆ ಹೊದಿಕೆಯಂತೆ ಕೂತು ಬಿಸಿ ಹೊರಹೋಗದ ಹಾಗೆ ಮಾಡ್ತದೆ. ಮಂಗಳೂರು, ಉಡುಪಿ, ಕಾಸರಗೋಡಿನ ಕರಾವಳಿಯಲ್ಲಿ ಉಪ್ಪು ಗಾಳಿ ಮತ್ತು ಮಳೆಗಾಲದ ತೇವ ಲೋಹದ ಸಂಪರ್ಕಗಳನ್ನು ಮಂಕು ಮಾಡ್ತವೆ. ಗಲ್ಫ್‌ನಲ್ಲಿರುವವರಿಗೆ ನುಣ್ಣನೆಯ ಮರಳಿನ ಧೂಳು. ಊರು ಬೇರೆಯಾದರೂ ಉಪಾಯ ಒಂದೇ: ಕೆಲವು ತಿಂಗಳಿಗೊಮ್ಮೆ ಕ್ಯಾಬಿನೆಟ್ ತೆರೆದು ಬ್ಲೋವರಿನಿಂದ ಧೂಳು ಹಾರಿಸುವುದು. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು.

ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಕೆಲವೊಮ್ಮೆ ಕೆಲಸ ಆಗ್ತದೆ ನಿಜ. ಆದರೆ ಆ ಚಿನ್ನದ ಲೇಪ ಬಹಳ ತೆಳು, ಪದೇ ಪದೇ ಉಜ್ಜಿದರೆ ಸವೀತದೆ. ರಬ್ಬರಿನ ಚೂರು ಸ್ಲಾಟ್ ಒಳಗೆ ಬಿದ್ದರೆ ಹೊಸ ತಲೆನೋವು. ಮೆಡಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ನೂಲು ಬಿಡದ ಬಟ್ಟೆಗೆ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕುವುದು ಉತ್ತಮ. ಊದುವುದಂತೂ ಬೇಡ, ಬಾಯಿಯ ತೇವ ಒಳಗೆ ಹೋಗ್ತದೆ.

ದೊಡ್ಡ ಮೋಟಾರ್‌ಗಳು ಶುರುವಾಗುವಾಗ ಲೈನಿನ ವೋಲ್ಟೇಜ್ ಒಮ್ಮೆಲೇ ಇಳೀತದೆ. ಮಗ್ಗದ ಊರಲ್ಲಿ ಮಗ್ಗದ ಮೋಟಾರ್, ನಮ್ಮಲ್ಲಿ ತೋಟದ ಪಂಪ್‌ಸೆಟ್. ಅಗ್ಗದ ಎಸ್‌ಎಂಪಿಎಸ್ ಇದನ್ನು ತಾಳುವುದಿಲ್ಲ, ಆಗ ಬರುವ ದೋಷ ರ‍್ಯಾಮಿನದ್ದೇ ಅಂತ ಅನ್ನಿಸ್ತದೆ. ಒಳ್ಳೆಯ ಎಸ್‌ಎಂಪಿಎಸ್, ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಮೂರೂ ಇರಬೇಕು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅಂದರೆ ಅರ್ಥಿಂಗ್ ಇಲ್ಲ ಅಂತಲೇ ತಿಳಿದು ಎಲೆಕ್ಟ್ರೀಷಿಯನ್ನರನ್ನು ಕರೆಯಬೇಕು.

ವಾರಂಟಿ ಮತ್ತು ಬೆಲೆ

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್‌ಗಳ ಬೇಡಿಕೆ ಹೆಚ್ಚಿದ್ದೇ ಮುಖ್ಯ ಕಾರಣ. ಅದೇ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪೆನಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯವಹಾರ ನಿಲ್ಲಿಸುವುದಾಗಿ ಪ್ರಕಟಿಸಿತು, ಮಾರಿದ ಮಾಲಿನ ವಾರಂಟಿ ಮುಂದುವರಿಯುತ್ತದೆ ಎಂದೂ ಹೇಳಿತು. ಇಂಥ ಹೊತ್ತಿನಲ್ಲಿ ಸರಿ ಇರುವ ಸ್ಟಿಕ್ಕನ್ನು ಕೆಟ್ಟಿದೆ ಅಂತ ಎಸೆಯುವುದು ದೊಡ್ಡ ನಷ್ಟ.

ಹಲವು ಕಂಪೆನಿಗಳು ರ‍್ಯಾಮಿಗೆ ದೀರ್ಘ ವಾರಂಟಿ ಕೊಡ್ತವೆ. ಬಿಲ್ ಜೋಪಾನವಾಗಿ ಇಡಬೇಕು, ಸ್ಟಿಕ್ ಮೇಲಿನ ಸ್ಟಿಕರ್ ಕೀಳಬಾರದು. ಮೆಮ್‌ಟೆಸ್ಟ್ ಪರದೆಯ ಫೋಟೋ ತೆಗೆದಿಟ್ಟರೆ ವಾರಂಟಿ ಕೇಳುವಾಗ ಉಪಯೋಗಕ್ಕೆ ಬರ್ತದೆ. ಎರಡು ಸ್ಟಿಕ್‌ಗಳ ಕಿಟ್ ಆಗಿದ್ದರೆ ಎರಡನ್ನೂ ಒಟ್ಟಿಗೆ ಕಳಿಸಲು ಕೇಳಬಹುದು. ದುಬೈಯಿಂದಲೋ ಸೌದಿಯಿಂದಲೋ ಊರಿಗೆ ಬರುವವರ ಹತ್ತಿರ ತರಿಸುವ ಮೊದಲು ಆ ವಾರಂಟಿ ಇಂಡಿಯಾದಲ್ಲಿ ನಡೀತದಾ ಅಂತ ಕೇಳಿಕೊಳ್ಳಬೇಕು. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕೊಳ್ಳುವುದಾದರೆ ಮಾರುವವರ ಎದುರಲ್ಲೇ ಒಂದು ಸುತ್ತು ಮೆಮ್‌ಟೆಸ್ಟ್ ಮಾಡಿಸಿ ಹಣ ಕೊಡುವುದು ಜಾಣತನ.

ತಾನೇ ನಿಲ್ಲುವ ಮಗ್ಗ

2003ರ ಮೇ 18ರಂದು ಬೆಲ್ಜಿಯಂ ಚುನಾವಣೆಯಲ್ಲಿ ಬ್ರಸೆಲ್ಸ್‌ನ ಸ್ಕಾರ್‌ಬೇಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಾಗಿ ಬಂತು. ಬರಲು ಸಾಧ್ಯವೇ ಇಲ್ಲದಷ್ಟು ಮತ ಅದಾಗಿದ್ದರಿಂದ ಗೊತ್ತಾಯಿತು. ಪ್ರೋಗ್ರಾಮಿನಲ್ಲಿ ತಪ್ಪು ಸಿಗಲಿಲ್ಲ. 4096 ಅಂದರೆ 2ನ್ನು 12 ಸಲ ಗುಣಿಸಿದರೆ ಬರುವ ಸಂಖ್ಯೆ, ಅಂದರೆ ಸರಿಯಾಗಿ ಒಂದೇ ಬಿಟ್‌ನ ಬೆಲೆ. ಮೆಮೊರಿಯಲ್ಲಿ ಒಂದು ಬಿಟ್ ಮಗುಚಿದ್ದೇ ಕಾರಣ ಎಂಬ ನಿರ್ಧಾರಕ್ಕೆ ತಜ್ಞರು ಬಂದರು.

2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಂಜಿನಿಯರ್‌ಗಳು ಗೂಗಲ್ ಸರ್ವರ್‌ಗಳ ಅಧ್ಯಯನ ಪ್ರಕಟಿಸಿದರು. ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ರ‍್ಯಾಮ್ ಸ್ಟಿಕ್‌ಗಳಲ್ಲಿ ಒಂದಾದರೂ ದೋಷ ಕಂಡಿತ್ತು. ಒಮ್ಮೆ ದೋಷ ತೋರಿಸಿದ ಸ್ಟಿಕ್ ಮತ್ತೆ ತೋರಿಸುವ ಸಾಧ್ಯತೆ ಬಹಳ ಹೆಚ್ಚು ಎಂಬುದೂ ಅದರಲ್ಲಿ ಗೊತ್ತಾಯಿತು. ಸರ್ವರ್‌ಗಳಲ್ಲಿ ಇಸಿಸಿ ಎಂಬ ರ‍್ಯಾಮ್ ಇರ್ತದೆ. ಎಳೆ ಕಡಿದರೆ ನಿಲ್ಲುವ ಮಗ್ಗದ ಹಾಗೆ ಅದು ಒಂದು ಬಿಟ್ ತಪ್ಪನ್ನು ತಾನೇ ತಿದ್ದಿ, ಅದಕ್ಕಿಂತ ಹೆಚ್ಚಾದರೆ ಎಚ್ಚರಿಸ್ತದೆ. ಡಿಡಿಆರ್5ರ ಚಿಪ್ ಒಳಗೂ ಒಂದು ತಿದ್ದುವ ವ್ಯವಸ್ಥೆ ಇದೆ, ಆದರೆ ಅದು ಚಿಪ್ ಒಳಗಿನ ತಪ್ಪಿಗೆ ಮಾತ್ರ. ಚಿಪ್‌ನಿಂದ ಸಿಪಿಯುಗೆ ಬರುವ ದಾರಿಯ ತಪ್ಪನ್ನು ಅದು ಹಿಡಿಯುವುದಿಲ್ಲ. ಅಂಗಡಿಯ ಲೆಕ್ಕ, ಸ್ಟುಡಿಯೋದ ಫೋಟೋಗಳಂಥ ಕಳೆದುಕೊಳ್ಳಲಾಗದ ಕೆಲಸಕ್ಕೆ ಪಿಸಿ ಕಟ್ಟಿಸುವವರು ಇಸಿಸಿ ಒಪ್ಪುವ ಸಿಪಿಯು ಮತ್ತು ಬೋರ್ಡ್ ಬಗ್ಗೆ ವಿಚಾರಿಸಬಹುದು.

ಉಳಿದವರಿಗೆ ಮೂರು ಅಭ್ಯಾಸ ಸಾಕು. ಹೊಸ ರ‍್ಯಾಮ್ ಹಾಕಿದ ದಿನವೇ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಬೇಕು. ಬ್ಯಾಕಪ್‌ನ ಹಳೆಯ ಪ್ರತಿಯನ್ನು ಅಳಿಸದೆ ಉಳಿಸಿಕೊಳ್ಳಬೇಕು. ದೋಷ ಬಂದಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲಿತಾಂಶ ಬರೆದಿಡಬೇಕು. ಸ್ಟಿಕ್ ಬದಲಿಸಿದ ಮೇಲೂ ಕೆಲಸ ಪೂರ್ತಿ ಮುಗಿದಿಲ್ಲ. ದೋಷ ಇದ್ದ ದಿನಗಳಲ್ಲಿ ಸೇವ್ ಮಾಡಿದ ಮುಖ್ಯ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ, ಹಾಳಾದದ್ದನ್ನು ಹಳೆಯ ಬ್ಯಾಕಪ್‌ನಿಂದ ಮರಳಿ ತರಬೇಕು. ವಿಂಡೋಸ್ ಕೂಡ ಆ ದಿನಗಳಲ್ಲೇ ಹಾಕಿದ್ದಾದರೆ ಅದನ್ನೂ ಹೊಸದಾಗಿ ಹಾಕಿಕೊಳ್ಳುವುದು ಒಳ್ಳೆಯದು.